ಏಳನೇ ಗೂಟದ ಶೇಂಗಾ

ಕಾಟಮ್ಮನಿಗೆ ಸಿಟ್ಟು ಬಂದರೆ ಮಾತು ನಿಂತುಹೋಗುತ್ತಿತ್ತು. ಹಟ್ಟಿಯ ಬೇರೆ ಹೆಂಗಸರು ಸಿಟ್ಟು ಬಂದಾಗ ನಾಲ್ಕು ಮನೆಗೆ ಕೇಳುವ ಹಾಗೆ ಕೂಗಾಡಿ, ಅರ್ಧ ಗಂಟೆಯಲ್ಲಿ ತಣ್ಣಗಾಗಿ, ಎಲೆಅಡಿಕೆ ಹಂಚಿಕೊಂಡು ಕೂರುತ್ತಿದ್ದರು. ಕಾಟಮ್ಮ ಹಾಗಲ್ಲ. ತುಟಿ ಬಿಗಿದುಕೊಂಡು, ಕೈಲಿದ್ದ ಕೆಲಸವನ್ನೇ ಇನ್ನಷ್ಟು ರಭಸದಿಂದ ಮಾಡುತ್ತಿದ್ದಳು. ರಾಗಿ ಬೀಸುವಾಗ ಸಿಟ್ಟು ಬಂದರಂತೂ ಕಲ್ಲು ಗುಡುಗುತ್ತಿತ್ತು. ಗಂಡ ಉಗ್ರಪ್ಪ ಆ ಸದ್ದು ಕೇಳಿಯೇ ಒಳಗೆ ಹೋಗಬೇಕೋ, ಕುರಿ ರೊಪ್ಪದ ಕಡೆ ತಿರುಗಬೇಕೋ ಅಂತ ನಿರ್ಧರಿಸುತ್ತಿದ್ದ. ಉಗ್ರ ಅನ್ನುವುದು ಅವನ ಹೆಸರಿನಲ್ಲಿ ಮಾತ್ರ ಇತ್ತು. ಕುರಿಮರಿಗೂ ಜೋರು ಮಾಡದ ಮನುಷ್ಯ.

ಅವರ ಹಟ್ಟಿ ಇದ್ದದ್ದು ತಾಳ್ಯದಿಂದ ಎರಡು ಮೈಲಿ ಆಚೆ, ಕೆಂಪು ಮಸಾರಿ ಮಣ್ಣಿನ ದಿಣ್ಣೆಯ ಮೇಲೆ. ದೀಪಾವಳಿ ಕಳೆದ ಮೇಲೆ ಗಂಡಸರು ಕುರಿ ಹೊಡೆದುಕೊಂಡು ಭದ್ರಾ ಕಾಲುವೆಯ ಗದ್ದೆಗಳ ಕಡೆ ಹೋದರೆ ಮುಂಗಾರು ಶುರುವಾಗುವ ಹೊತ್ತಿಗೇ ವಾಪಸ್ಸು. ಅಲ್ಲಿಯವರೆಗೆ ಮನೆ, ಮುದುಕರು, ಎರಡು ಎಕರೆ ಹೊಲ ಎಲ್ಲಾ ಕಾಟಮ್ಮನ ಕೈಯಲ್ಲಿ. ಉಗ್ರಪ್ಪ ಊರಲ್ಲಿದ್ದಾಗಲೂ ಹೊಲ ಅವಳದೇ. ಯಾವ ಮಣ್ಣು ಎಷ್ಟು ದಿನ ಹಸಿ ಹಿಡಿಯುತ್ತೆ, ಯಾವ ಬೀಜ ಎಷ್ಟು ಆಳಕ್ಕೆ ಬೀಳಬೇಕು ಅನ್ನುವುದೆಲ್ಲಾ ಅವಳ ಅಂಗಾಲಿಗೆ ಗೊತ್ತಿತ್ತು.

ಹಳ್ಳದ ಆಚೆಗೆ ಸರ್ಕಾರದ ಫಾರಂ ಇತ್ತು. ತಂತಿಬೇಲಿ, ಹೆಂಚಿನ ಕಚೇರಿ, ಕಟ್ಟೆ ಕಟ್ಟಿದ ದೊಡ್ಡ ಬಾವಿ, ಅದಕ್ಕೊಂದು ಪಂಪು. ಎಣ್ಣೆಕಾಳಿನ ಬೆಳೆಗಳನ್ನು ಪರೀಕ್ಷೆ ಮಾಡುವುದು ಅಲ್ಲಿನ ಕೆಲಸ. ಹಟ್ಟಿಯ ಹೆಂಗಸರು ಕಳೆ ತೆಗೆಯಲು, ಕಾಯಿ ಬಿಡಿಸಲು ಅಲ್ಲಿಗೆ ಕೂಲಿಗೆ ಹೋಗುತ್ತಿದ್ದರು. ಕಾಟಮ್ಮ ಮೂರು ವರ್ಷದಿಂದ ಹೋಗುತ್ತಿದ್ದಳು.

ಎಪ್ಪತ್ತೆರಡನೇ ಇಸವಿಯ ಮುಂಗಾರಿನಲ್ಲಿ ಫಾರಂನ ಮೇಲಿನ ತಾಕಿನಲ್ಲಿ ಎಂಟು ಜಾತಿಯ ಶೇಂಗಾ ಹಾಕಿದರು. ಜಾತಿಗೆ ನಾಲ್ಕು ಸಾಲು, ತುದಿಗೊಂದು ಮರದ ಗೂಟ, ಗೂಟದ ಮೇಲೆ ಬಿಳಿ ಬಣ್ಣದ ನಂಬರು. ಬಿತ್ತನೆಯ ದಿನ ಫಾರಂನ ಸಾಹೇಬ ಹಾಲಸ್ವಾಮಿ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದ, "ನೋಡ್ರಮ್ಮ, ಇದು ಬರದ ಪರೀಕ್ಷೆ. ಮಳೆ ಬಂದಷ್ಟೇ ನೀರು. ಯಾವುದು ಬಿಸಿಲು ತಡೆದು ನಿಲ್ತೈತೋ ಆ ಬೀಜಾನ ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ, ಎಲ್ಲಾ ಕಡೆ ರೈತರಿಗೆ ಹಂಚ್ತೀವಿ. ನಾವಾಗಿ ಒಂದು ತೊಟ್ಟು ನೀರೂ ಹಾಕಬಾರ್ದು."

ಆ ಮಾತು ಕಾಟಮ್ಮನಿಗೆ ಬಹಳ ಹಿಡಿಸಿತ್ತು. ಸರ್ಕಾರದವರು ಒಂದು ಸಲವಾದರೂ ನಮ್ಮ ಹೊಲದ ಹಾಗೆ ಹೊಲ ಮಾಡಿ ನೋಡುತ್ತಿದ್ದಾರಲ್ಲ ಅಂದುಕೊಂಡಿದ್ದಳು.

ಆರಿದ್ರ ಚೆನ್ನಾಗಿ ಹುಯ್ದಿತು, ಪುಷ್ಯ ಹನಿಸಿ ಹೋಯಿತು. ಆಶ್ಲೇಷದಿಂದ ಆಕಾಶ ಬಾಯಿ ಮುಚ್ಚಿಕೊಂಡಿತು. ಮಘಾ ಮಳೆಯೂ ಇಲ್ಲ. ಮಣ್ಣಿನ ಮೇಲ್ಪದರ ಹೆಂಚಿನ ಹಾಗೆ ಗಟ್ಟಿಯಾಯಿತು. ಕಳೆ ತೆಗೆಯುವ ಕುರ್ಪಿ ಹಾಕಿದರೆ ಟಣ್ ಅನ್ನುತ್ತಿತ್ತು.

ಕಳೆ ತೆಗೆಯುವವರ ಕಣ್ಣು ಯಾವಾಗಲೂ ಗಿಡದ ಮಟ್ಟದಲ್ಲೇ ಇರುತ್ತದೆ. ಎಂಟು ಗೂಟಗಳ ಹಣೆಬರಹ ಕಾಟಮ್ಮನಿಗೆ ದಿನದಿನಕ್ಕೂ ಕಾಣುತ್ತಿತ್ತು. ಮೂರನೇ ಗೂಟದ್ದು ಹೊರಗಿನಿಂದ ಬಂದ ಗಿಡಶೇಂಗಾ. ನೆಟ್ಟಗೆ, ಗುಂಡಗೆ, ಅಗಲ ಎಲೆ, ನೋಡಲು ಚಂದ. ಮಳೆ ನಿಂತ ಹೊತ್ತಿಗೆ ಸರಿಯಾಗಿ ಒಂದೇ ಸಲ ಮೈತುಂಬಾ ಹೂ ಬಿಟ್ಟಿತು. ಹೂವಿನ ಬುಡದಿಂದ ಸೂಜಿಗಳು ಇಳಿದವು. ಶೇಂಗಾದ ಕಾಯಿ ಆಗುವುದು ಆ ಸೂಜಿ ಮಣ್ಣೊಳಗೆ ಹೊಕ್ಕರೆ ಮಾತ್ರ. ಹೆಂಚಿನಂಥ ಮಣ್ಣಿಗೆ ಅವು ತಗುಲಿ, ಬಾಗಿ, ತುದಿ ಕರ್ರಗಾಗಿ ಒಣಗಿದವು. ಎಲೆಗಳು ಮಧ್ಯಾಹ್ನ ಬಿಸಿಲಿಗೆ ಮೈಯೊಡ್ಡಿ ಅಂಚು ಸುಟ್ಟುಕೊಂಡವು.

ಏಳನೇ ಗೂಟದ್ದು ಹೊಸದುರ್ಗದ ಕಡೆಯ ಯಾವುದೋ ಹಳ್ಳಿಯಿಂದ ತಂದ ಬಳ್ಳಿಶೇಂಗಾ. ಹೋಲಿಸಿ ನೋಡಲು ಇರಲಿ ಅಂತ ಹಾಕಿದ್ದು, ಅದರ ಮೇಲೆ ಯಾರಿಗೂ ಆಸೆ ಇರಲಿಲ್ಲ. ಸಣ್ಣ ಎಲೆ, ಮುಟ್ಟಿದರೆ ಸ್ವಲ್ಪ ದಪ್ಪ. ಬಿಸಿಲೇರುತ್ತಿದ್ದಂತೆ ಎಲೆಗಳು ಜೋಡಿಜೋಡಿಯಾಗಿ ಕೈಮುಗಿದಂತೆ ಮಡಚಿಕೊಂಡು, ಸೂರ್ಯನಿಗೆ ಬರೀ ಅಂಚು ತೋರಿಸುತ್ತಿದ್ದವು. ಸಂಜೆ ನಾಲ್ಕಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಹೂವನ್ನು ಪೂರಾ ನಿಲ್ಲಿಸಿಬಿಟ್ಟಿತ್ತು. ಬೆಳೆಯುತ್ತಲೂ ಇರಲಿಲ್ಲ, ಸಾಯುತ್ತಲೂ ಇರಲಿಲ್ಲ. ಕಾಯುತ್ತಿತ್ತು.

ಒಂದು ದಿನ ಮೇಸ್ತ್ರಿ ಮುದ್ದಣ್ಣ ಅಂಚಿನ ಸಾಲಿನ ನಾಲ್ಕು ಗಿಡಗಳ ಬೇರು ಅಳೆಯಬೇಕೆಂದು ಕಾಟಮ್ಮನಿಗೆ ಹಾರೆ ಕೊಟ್ಟ. ಮೂರನೆಯದರ ಬೇರು ಮೊಣಕೈ ಉದ್ದಕ್ಕೇ ಮುಗಿಯಿತು. ಏಳನೆಯದಕ್ಕೆ ಅಗೆದಳು, ಅಗೆದಳು, ಸೊಂಟದವರೆಗೆ ಗುಂಡಿಯಾಯಿತು. ಬೇರು ಮಸಾರಿ ದಾಟಿ, ಗರಸು ಕಲ್ಲಿನ ಪದರ ಸೀಳಿಕೊಂಡು, ಕೆಳಗಿನ ತಣ್ಣನೆಯ ಮಣ್ಣಿಗೆ ಬಾಯಿ ಹಾಕಿತ್ತು. ಬೇರಿನ ತುದಿಯ ಮಣ್ಣನ್ನು ಅವಳು ಮುದ್ದಣ್ಣನ ಅಂಗೈಗೆ ಹಾಕಿದಳು.

"ನೋಡು ಮೇಸ್ತ್ರಿ, ತಂಪೈತೆ. ಇದು ಉಳಿಯೋ ಗಿಡ. ಸಾಹೇಬ್ರಿಗೆ ಹೇಳು."

"ಹೇಳಾಣ ಬಿಡಮ್ಮ," ಅಂದ ಮುದ್ದಣ್ಣ, ಮುಖ ಬೇರೆ ಕಡೆ ತಿರುಗಿಸಿ.

ಯಾಕೆ ಮುಖ ತಿರುಗಿಸಿದ ಅನ್ನುವುದು ಮಾರನೇ ದಿನ ತಿಳಿಯಿತು. ಹೆಂಗಸರು ಬಂದಾಗ ಬಾವಿಕಟ್ಟೆಯ ಮೇಲೆ ಹನ್ನೆರಡು ಕೊಡ ಸಾಲಾಗಿ ನಿಂತಿದ್ದವು. "ಇವತ್ತು ಕಳೆ ಇಲ್ಲ. ನೀರು ಹೊತ್ತು ಮೂರನೇ ಗೂಟದ ಸಾಲಿಗೆ ಹಾಕ್ರಿ. ಬುಡಕ್ಕೆ ಹಾಕ್ರಿ, ಮೇಲೆ ಒಣಮಣ್ಣು ಎಳೀರಿ," ಅಂದ ಮುದ್ದಣ್ಣ.

"ನೀರು ಹಾಕಬಾರ್ದು ಅಂದಿದ್ರಲ್ಲ?"

"ಸಾಹೇಬ್ರು ಹೇಳವ್ರೆ. ನಾನೇನು ಮಾಡ್ಲಿ?"

ಮೊದಲ ದಿನ ಕಾಟಮ್ಮ ಹೊತ್ತಳು. ಎರಡನೇ ದಿನವೂ ಹೊತ್ತಳು. ಹಟ್ಟಿಯ ಸೇದುಬಾವಿ ಬತ್ತಿ ಇಪ್ಪತ್ತು ದಿನವಾಗಿತ್ತು. ಹೆಂಗಸರು ಹಳ್ಳದ ಮರಳಲ್ಲಿ ಚಿಲುಮೆ ತೋಡಿ, ಚಿಪ್ಪಿನಲ್ಲಿ ಗೋರಿ, ಒಂದು ಕೊಡ ತುಂಬಲು ಒಂದು ಹೊತ್ತು ಕಾಯುತ್ತಿದ್ದರು. ಫಾರಂನ ಬಾವಿಯಿಂದ ಮನೆಗೆರಡು ಕೊಡ ಕೊಡಿ ಅಂತ ಕೇಳಲು ಹೋದಾಗ ಇದೇ ಹಾಲಸ್ವಾಮಿ, "ಅದು ಪರೀಕ್ಷೆಯ ನೀರು, ಕೊಡೋಕೆ ಬರಲ್ಲ," ಅಂದು ಕಳಿಸಿದ್ದ. ಪರೀಕ್ಷೆಗೆ ನೀರಿಲ್ಲ, ಜನಕ್ಕೂ ನೀರಿಲ್ಲ. ಮತ್ತೆ ಈ ನೀರು ಯಾರಿಗೆ?

ಮೂರನೇ ದಿನ ಬೆಂಗಳೂರಿನ ದೊಡ್ಡ ಸಾಹೇಬರು ಬೆಳೆ ನೋಡಲು ಬರುತ್ತಾರೆಂಬ ಸುದ್ದಿ ಬಂತು. ಆಗ ಎಲ್ಲಾ ಬಿಚ್ಚಿಕೊಂಡಿತು. ಮೂರನೇ ಗೂಟವೇ ಗೆಲ್ಲುತ್ತದೆಂದು ಹಾಲಸ್ವಾಮಿ ಬಿತ್ತನೆಗೆ ಮುಂಚೆಯೇ ಮೇಲಿನವರಿಗೆ ಬರೆದು ಕಳಿಸಿದ್ದನಂತೆ. ಚಿತ್ರದುರ್ಗಕ್ಕೆ ಬಡ್ತಿ ಸಿಗುವುದೂ ಅದರ ಮೇಲೇ ನಿಂತಿತ್ತಂತೆ. ಇದನ್ನೆಲ್ಲಾ ಮುದ್ದಣ್ಣನೇ ಪಿಸುಗುಟ್ಟಿ ಹೇಳಿದ.

ಕಾಟಮ್ಮ ತುಂಬಿದ ಕೊಡ ಎತ್ತಿ ಸಿಂಬೆಯ ಮೇಲಿಟ್ಟುಕೊಂಡಳು. ಮೂರನೇ ಗೂಟದ ಕಡೆ ತಿರುಗಲಿಲ್ಲ. ನೆಟ್ಟಗೆ ಗೇಟು ದಾಟಿ, ಹಳ್ಳ ಇಳಿದು, ದಿಣ್ಣೆ ಹತ್ತಿ ಹಟ್ಟಿಗೆ ಹೋದಳು. ಪಕ್ಕದ ಮನೆಯ ಚಂದ್ರಕ್ಕ ಹಸಿ ಬಾಣಂತಿ, ಹದಿನೈದು ದಿನದ ಕೂಸು. ಅವಳ ಗುಡಾಣಕ್ಕೆ ಕೊಡ ಬಗ್ಗಿಸಿ ಖಾಲಿ ಕೊಡ ತಂದು ಬಾವಿಕಟ್ಟೆಯ ಮೇಲಿಟ್ಟಳು. ಅಷ್ಟು ಹೊತ್ತಿಗೆ ಹಾಲಸ್ವಾಮಿ ಅಲ್ಲಿ ನಿಂತಿದ್ದ.

"ಸರ್ಕಾರದ ನೀರು ಕದ್ದು ಮನೆಗೆ ಹೊತ್ಯಾ?"

"ಕದಿಲಿಲ್ಲ. ನೀವು ಹೊರಿಸಿದ್ರಿ. ಎಲ್ಲಿ ಹಾಕಬೇಕು ಅನ್ನೋದು ಮಾತ್ರ ನಾನು ನೋಡ್ಕಂಡೆ."

"ಏನು ಮಾತಾಡ್ತಿದೀಯ ಗೊತ್ತಾ?"

"ನಿಮ್ಮಪ್ಪನೂ ಹೊಳಲ್ಕೆರೆ ತಾವ ಮಳೆ ನಂಬಿ ಬಿತ್ತಿದವ್ರೇ ಅಲ್ವಾ ಸಾಮಿ? ಈ ಬೀಜ ನಾಳೆ ಅವ್ರ ಹೊಲಕ್ಕೆ ಹೋದ್ರೆ, ಅಲ್ಲಿ ಕೊಡ ಹೊರೋರು ಯಾರು?"

ಹಾಲಸ್ವಾಮಿಯ ಕಿವಿ ಕೆಂಪಾಯಿತು. "ನಾಳೆಯಿಂದ ಇವಳನ್ನ ಗೇಟೊಳಗೆ ಬಿಡಬೇಡ," ಅಂತ ಮುದ್ದಣ್ಣನಿಗೆ ಹೇಳಿ ಕಚೇರಿಗೆ ಹೋದ. ಉಳಿದ ಹೆಂಗಸರು ತಲೆ ತಗ್ಗಿಸಿ ಕೊಡ ಎತ್ತಿದರು. ಅವರ ಮೇಲೆ ಕಾಟಮ್ಮನಿಗೆ ಸಿಟ್ಟು ಬರಲಿಲ್ಲ. ಮುದ್ದಣ್ಣನ ಮೇಲೆ ಬಂತು. ಎಲ್ಲಾ ಗೊತ್ತಿದ್ದೂ ಪಿಸುಗುಟ್ಟುವ ಬಾಯಿ ಇದ್ದರೇನು, ಇಲ್ಲದಿದ್ದರೇನು?

ಮೂರು ದಿನ ಬಿಟ್ಟು ಜೀಪು ಬಂತು. ದೊಡ್ಡ ಸಾಹೇಬರ ಹೆಸರು ರಂಗಯ್ಯ. ತೆಳ್ಳಗೆ, ಬಿಳಿ ಟೋಪಿ, ಮೆದು ಮಾತು. ಕಾಟಮ್ಮ ಬೇಲಿಯ ಹೊರಗೆ ನಿಂತಿದ್ದಳು. ಅವರು ಮೂರನೇ ಗೂಟದ ಹತ್ತಿರ ಬಂದಾಗ ತಂತಿ ಹಿಡಿದುಕೊಂಡು ಹೇಳಿದಳು, "ಸಾಹೇಬ್ರೆ, ಅದ್ರ ಬುಡದಾಗೆ ಬೆರಳು ಹಾಕಿ ನೋಡ್ರಿ. ನೀರು ಹಾಕವ್ರೆ. ಈ ಕೈಯಲ್ಲೇ ನಾನು ಹೊತ್ತೀನಿ."

"ನೀರು ಕದ್ದು ಕೆಲಸ ಕಳಕೊಂಡೋಳು ಸಾರ್," ಅಂದ ಹಾಲಸ್ವಾಮಿ ನಗುತ್ತಾ.

ರಂಗಯ್ಯ ಕುಕ್ಕರುಗಾಲಲ್ಲಿ ಕೂತರು. ಒಣಮಣ್ಣು ಸರಿಸಿ ಎರಡು ಬೆರಳು ಒಳಗೆ ಇಳಿಸಿದರು. ಬೆರಳು ಹೊರಗೆ ಬಂದಾಗ ಕೆಂಪು ಒದ್ದೆಮಣ್ಣು ಮೆತ್ತಿಕೊಂಡಿತ್ತು. ಕಾಟಮ್ಮ ಬೇಲಿಯಾಚೆಯಿಂದ ಅದನ್ನು ಕಣ್ಣಾರೆ ನೋಡಿದಳು. ರಂಗಯ್ಯ ಕರವಸ್ತ್ರ ತೆಗೆದು ಬೆರಳನ್ನು ನಿಧಾನವಾಗಿ ಒರೆಸಿಕೊಂಡರು, ಕರವಸ್ತ್ರ ಮಡಚಿ ಜೇಬಿಗಿಟ್ಟರು. "ಆಯ್ತಮ್ಮ, ನೋಡೋಣ," ಅಂದು ಮುಂದಿನ ಗೂಟಕ್ಕೆ ನಡೆದರು.

ಅವತ್ತು ಅವಳು ಮನೆಗೆ ಬಂದು ಬೀಸಿದ ರಾಗಿ ಎರಡು ದಿನಕ್ಕಾಗುವಷ್ಟಿತ್ತು.

ಉತ್ತರೆ ಮಳೆ ಬಂತು. ಏಳನೇ ಗೂಟದ ಬಳ್ಳಿ ಕಾಯುತ್ತಿದ್ದದ್ದು ಅದನ್ನೇ. ಹತ್ತು ದಿನದಲ್ಲಿ ಹೊಸ ಚಿಗುರು, ಹೊಸ ಹೂ, ಮೆತ್ತಗಾದ ಮಣ್ಣಿಗೆ ಸೂಜಿಗಳ ಸಾಲು. ಬೇಲಿಯ ಹೊರಗಿನಿಂದಲೂ ಅದು ಕಾಣುತ್ತಿತ್ತು. ಆದರೆ ಕಚೇರಿಯ ಕಾಗದದಲ್ಲಿ ಗೆದ್ದದ್ದು ಮೂರನೇ ನಂಬರು. ಕೊಡದ ನೀರು ಕುಡಿದ ಗಿಡಕ್ಕೆ ಕಾಯಿ ಕಟ್ಟದೆ ಇರುತ್ತದೆಯೇ?

ಕಿತ್ತ ಹೊಲದಲ್ಲಿ ಉಳಿದ ಕಾಯಿಯ ಹಕ್ಕಲು ಆಯುವುದಕ್ಕೆ ಯಾರ ಅಪ್ಪಣೆಯೂ ಬೇಡ ಅನ್ನುವುದು ಆ ಸೀಮೆಯ ಹಳೇ ವಾಡಿಕೆ. ಬಳ್ಳಿಶೇಂಗಾ ಕೀಳುವಾಗ ಕಾಯಿ ಕಳಚಿ ಮಣ್ಣಲ್ಲೇ ಉಳಿಯುವುದು ಜಾಸ್ತಿ. ಕಾರ್ತಿಕದ ಒಂದು ಬೆಳಿಗ್ಗೆ ಕಾಟಮ್ಮ ಮೊನೆ ಕಡ್ಡಿ ಹಿಡಿದು ಗೇಟಿನ ಮುಂದೆ ನಿಂತಳು. ಮುದ್ದಣ್ಣ ಅವಳನ್ನು ನೋಡಿ, ಪಂಪು ನೋಡಿ ಬರುತ್ತೇನೆಂದು ಬಾವಿಯ ಕಡೆ ಹೋಗಿಬಿಟ್ಟ. ಅವಳು ಉಳಿದ ಸಾಲುಗಳನ್ನು ಮುಟ್ಟಲಿಲ್ಲ. ಏಳನೇ ಗೂಟದ ಸಾಲುಗಳನ್ನು ಮಾತ್ರ ಮೊಳ ಮೊಳ ಕೆದಕಿ ಎರಡು ಸೇರು ಕಾಯಿ ಆಯ್ದಳು. ಉಪಕಾರ ಮಾಡಿದೆನೆಂದು ಮುದ್ದಣ್ಣ ಅಂದುಕೊಂಡಿರಬಹುದು. ಅವಳು ಅವನಿಗೊಂದು ಮಾತೂ ಹೇಳದೆ ಹೊರಟುಬಂದಳು.

ಮಾರನೇ ವರ್ಷ ಮುಂಗಾರಿಗೆ ಮೂರನೇ ನಂಬರಿನ ಬೀಜ ಹೊರಗಿನಿಂದ ಚೀಲ ಚೀಲವಾಗಿ ಹಳ್ಳಿಗಳಿಗೆ ಬಂತು. ಚೀಲದ ಮೇಲೆ ಮುದ್ರೆ, ಜೊತೆಗೆ "ಬರ ತಡೆಯುವ ತಳಿ" ಅನ್ನುವ ಚೀಟಿ. ಹಾಲಸ್ವಾಮಿ ಆಗಲೇ ಚಿತ್ರದುರ್ಗದಲ್ಲಿ ಕುರ್ಚಿ ಹಿಡಿದಿದ್ದ. ಚಂದ್ರಕ್ಕನ ಗಂಡ ಕಾಟಲಿಂಗಪ್ಪ ತಾಳ್ಯದಿಂದ ಒಂದು ಚೀಲ ತಂದ.

"ಅದು ಬೇಡ," ಅಂದಳು ಕಾಟಮ್ಮ.

"ಸರ್ಕಾರದ ಮುದ್ರೆ ಐತಲ್ಲಕ್ಕಾ," ಅಂದ ಕಾಟಲಿಂಗಪ್ಪ.

ಅವಳು ತುಟಿ ಬಿಗಿದಳು. ಅದಕ್ಕಿಂತ ಹೆಚ್ಚಿಗೆ ಅವಳ ಬಾಯಿಂದ ಬರಲಿಲ್ಲ.

ಹೊಲದ ಮೂಲೆಯಲ್ಲಿ ತನ್ನ ಎರಡು ಸೇರನ್ನು ಬಿತ್ತಿದಳು. ಆ ವರ್ಷವೂ ಆಶ್ಲೇಷ, ಮಘಾ ಎರಡೂ ಒಣಗಿಸಿದವು. ನಡುವೆ ಒಂದು ಮಧ್ಯಾಹ್ನ ಉಗ್ರಪ್ಪ ಹುಣಸೆಮರದ ಕೆಳಗೆ ಕಣ್ಣು ಮುಚ್ಚಿದ ಹೊತ್ತಿನಲ್ಲಿ ಹತ್ತಾರು ಕುರಿ ಹೊಲಕ್ಕೆ ನುಗ್ಗಿ, ಶೇಂಗಾದ ತುದಿಯನ್ನೆಲ್ಲಾ ತರಿದುಹಾಕಿದವು. ಕಾಟಮ್ಮ ಬಂದು ನೋಡಿದವಳು ಕುರಿಗಳನ್ನು ಅಟ್ಟಿದಳು, ಗಂಡನನ್ನು ಏನೂ ಅನ್ನಲಿಲ್ಲ. ಅವನಿಗೆ ಅದೇ ಭಯವಾಯಿತು.

"ಲೇ, ಏನಾದ್ರೂ ಬೈಯೇ," ಅಂದ.

ಅವಳು ಬೈಯಲಿಲ್ಲ. ಎಂಟು ದಿನ ಮುದ್ದೆಯನ್ನು ತಟ್ಟೆಗೆ ಕುಕ್ಕಿ ಬಡಿಸಿದಳು. ಆದರೆ ಬೇರು ಕೆಳಗಿನ ಹಸಿ ಬಿಟ್ಟಿರಲಿಲ್ಲ. ನೆಲಕ್ಕೆ ಅಂಟಿಕೊಂಡಿದ್ದ ಗೆಣ್ಣುಗಳಿಂದ ಬಳ್ಳಿ ಮತ್ತೆ ಚಿಗುರಿತು. ಉಗ್ರಪ್ಪ ಬೆಳಿಗ್ಗೆ ಎದ್ದು ಮೊದಲು ಅದನ್ನು ನೋಡಿ ಬಂದು, ತಾನೇ ಬೆಳೆಸಿದ ಹಾಗೆ ಸುದ್ದಿ ಹೇಳಿದ. ಮೂಲೆಯಿಂದ ಒಂದು ಕುಕ್ಕೆ ಕಾಯಿ ಬಂತು.

ಚಂದ್ರಕ್ಕನ ಹೊಲದಲ್ಲಿ ಗಿಡಗಳು ನೆಟ್ಟಗೆ ನಿಂತಿದ್ದವು. ಕಿತ್ತರೆ ಕೆಳಗೆ ಏನೂ ಇರಲಿಲ್ಲ. ಒಣಗಿದ ಕಪ್ಪು ಸೂಜಿಗಳು ಬುಡದ ಸುತ್ತ ಕೂದಲ ಹಾಗೆ ಜೋತುಬಿದ್ದಿದ್ದವು. ಅಲ್ಲೊಂದು ಇಲ್ಲೊಂದು ಬಲಿತಿದ್ದ ಕಾಯಿ ಕೊನೆಯ ಮಳೆಗೆ ಮಣ್ಣೊಳಗೇ ಮೊಳೆತುಬಿಟ್ಟಿತ್ತು. ಕೂಸನ್ನು ಸೊಂಟದಲ್ಲಿಟ್ಟುಕೊಂಡು ಚಂದ್ರಕ್ಕ ಗಿಡ ಕೀಳುತ್ತಾ ಹೋದಳು. ಹತ್ತು ಕಿತ್ತಳು, ಇಪ್ಪತ್ತು ಕಿತ್ತಳು. ಆಮೇಲೆ ಕಾಟಮ್ಮನ ಕಡೆ ತಿರುಗಿದಳು.

"ಅಕ್ಕ, ನಿಂಗೆ ಗೊತ್ತಿತ್ತು."

"ಬೇಡ ಅಂದಿದ್ದೆ."

"ಒಂದು ಸಲ ಅಂದೆ. ಬಾಯಿ ಬಡ್ಕಂಡು ಅನ್ನಬೇಕಿತ್ತು. ಚೀಲ ಕಿತ್ತು ಬಿಸಾಕಬೇಕಿತ್ತು. ನಿನ್ನ ಸಿಟ್ಟು ನಿನ್ನ ಹೊಟ್ಟೇಲೇ ಇಟ್ಕಂಡ್ರೆ ನಮಗೇನು ಬಂತು?"

ಆ ಮಾತು ಕಾಟಮ್ಮನಿಗೆ ಹಾರೆಯಿಂದ ಮೀಟಿದ ಹಾಗೆ ಆಯಿತು. ಮೂವತ್ತೈದು ವರ್ಷ ಅವಳು ತನ್ನ ಸಿಟ್ಟನ್ನು ದೊಡ್ಡ ಗುಣ ಅಂತಲೇ ತಿಳಿದಿದ್ದಳು. ಗೊಣಗದೆ, ಅಳದೆ, ಹಲ್ಲು ಕಚ್ಚಿ ಇರುವುದು ಗಟ್ಟಿತನ ಅಂದುಕೊಂಡಿದ್ದಳು. ಅವತ್ತು ಹೊಲದ ಬದುವಿನ ಮೇಲೆ ಕೂತು, ತನಗೆ ತಾನೇ ಕೇಳುವ ಹಾಗೆ ಕೆಟ್ಟ ಬೈಗುಳ ಬೈದಳು. ಹಾಲಸ್ವಾಮಿಗೆ ಒಂದು, ರಂಗಯ್ಯನಿಗೆ ಒಂದು, ಮುದ್ದಣ್ಣನಿಗೆ ಒಂದು. ಕೊನೆಯದು ತನಗೆ.

ಅಲ್ಲಿಂದ ಮುಂದೆ ಅವಳ ಬಾಯಿಗೆ ತಡೆ ಇರಲಿಲ್ಲ. ಎಪ್ಪತ್ತನಾಲ್ಕರಲ್ಲಿ, ಎಪ್ಪತ್ತೈದರಲ್ಲಿ ಕಾಯಿಯನ್ನು ಗಾಣಕ್ಕೂ ಕೊಡದೆ, ಬಾಯಿಗೂ ಹಾಕಿಕೊಳ್ಳದೆ, ಪೂರಾ ಬೀಜಕ್ಕೇ ಇಟ್ಟಳು. ಮನೆಯಲ್ಲಿ ಹಬ್ಬಕ್ಕೆ ಚಟ್ನಿಪುಡಿಗೂ ಒಂದು ಹಿಡಿ ಸಿಗಲಿಲ್ಲ. ಹಟ್ಟಿಯ ಮನೆಮನೆಗೆ ಹೋಗಿ ಸೇರು ಸೇರು ಹಂಚಿದಳು. ಹಂಚುವಾಗಲೂ ಜಗಳವೇ. ಒತ್ತಾಗಿ ಬಿತ್ತಬೇಡ, ಬೇರಿಗೆ ಜಾಗ ಬಿಡು, ಮಳೆ ನಿಂತಾಗ ಎಡೆಕುಂಟೆ ಹೊಡೆದು ಮೇಲ್ಮಣ್ಣು ಸಡಿಲ ಮಾಡು, ಸೂಜಿ ಇಳಿಯಲಿ. ಕೇಳದವರ ಹೊಲಕ್ಕೇ ಹೋಗಿ ನಿಂತು ಕೂಗುತ್ತಿದ್ದಳು. ಚೀಲದ ಬೀಜದ ಹಿಂದಿನ ಕಥೆಯನ್ನು ತಾಳ್ಯದ ಸಂತೆಯಲ್ಲಿ, ರಾಮಗಿರಿಯ ಸ್ಟೇಷನ್ನಿನ ಕಟ್ಟೆಯ ಮೇಲೆ, ಸಿಕ್ಕಸಿಕ್ಕವರಿಗೆಲ್ಲಾ ಹೇಳಿದಳು. ಕೆಲವರು ನಕ್ಕರು, ಕೆಲವರು ಬೀಜ ಕೇಳಿದರು.

ಎಪ್ಪತ್ತಾರರ ಮುಂಗಾರು ಅರ್ಧಕ್ಕೇ ಕೈಕೊಟ್ಟಿತು. ತಾಳ್ಯದ ಸುತ್ತ ಶೇಂಗಾ ಹೊಲಗಳು ಹಪ್ಪಳದ ಬಣ್ಣಕ್ಕೆ ತಿರುಗಿದವು. ಹಟ್ಟಿಯ ದಿಣ್ಣೆ ಮಾತ್ರ ಮಂಕು ಹಸಿರಾಗಿ ಉಳಿದಿತ್ತು. ಆ ಹಸಿರನ್ನು ರಸ್ತೆಯಿಂದ ಯಾರೋ ನೋಡಿ ಹೇಳಿರಬೇಕು. ಒಂದು ಬೆಳಿಗ್ಗೆ ಜೀಪು ಹಟ್ಟಿಗೇ ಬಂತು. ಮುಂದೆ ರಂಗಯ್ಯ, ಹಿಂದೆ ಮುದ್ದಣ್ಣ. ರಂಗಯ್ಯನ ಕೂದಲು ಬೆಳ್ಳಗಾಗಿತ್ತು.

"ಕುಂತ್ಕಳ್ರಿ ಸಾಹೇಬ್ರೆ," ಅಂದ ಉಗ್ರಪ್ಪ, ಕಂಬಳಿ ಹಾಸುತ್ತಾ.

"ಕೂರೋದು ಬೇಡ," ಅಂದಳು ಕಾಟಮ್ಮ. "ಹೊಲಕ್ಕೆ ಹೋಗಾಣ."

ಮಟಮಟ ಮಧ್ಯಾಹ್ನದವರೆಗೆ ಅವಳು ಅವರನ್ನು ಬದುವಿನ ಮೇಲೆ ನಿಲ್ಲಿಸಿದಳು. ಹಟ್ಟಿಯ ಜನವೆಲ್ಲಾ ಸೇರಿತು. ಬಿಸಿಲೇರಿದಂತೆ ಹೊಲದ ತುಂಬಾ ಎಲೆಗಳು ಮಡಚಿಕೊಂಡವು. ರಂಗಯ್ಯ ಬಗ್ಗಿ ಬಗ್ಗಿ ನೋಡಿದರು, ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಮೆತ್ತಗೆ ಕೇಳಿದರು, "ಅಮ್ಮ, ಐದು ಸೇರು ಬೀಜ ಬೇಕಿತ್ತು. ಫಾರಂನಲ್ಲಿ ಬೆಳೆಸಿ ನೋಡ್ತೀವಿ."

"ಈ ಬೀಜ ಎಲ್ಲಿಂದ ಬಂತು ಗೊತ್ತಾ?"

"ಮುದ್ದಣ್ಣ ಹೇಳಿದ. ಏಳನೇ ನಂಬರು."

"ಹಂಗಾದ್ರೆ ಇನ್ನೊಂದು ಹೇಳ್ರಿ. ಅವತ್ತು ಮೂರನೇ ಗೂಟದ ಬುಡದಾಗೆ ನಿಮ್ಮ ಬೆರಳಿಗೆ ಏನು ಮೆತ್ತಿತ್ತು?"

ರಂಗಯ್ಯ ಪುಸ್ತಕ ಮುಚ್ಚಿದರು. ಜನ ನೋಡುತ್ತಿತ್ತು.

"ಹೇಳ್ರಿ! ನಾಲ್ಕು ವರ್ಷ ಆತು, ಇನ್ನೂ ನೋಡ್ತಾ ಇದೀರಾ?"

"ಒದ್ದೆ ಮಣ್ಣು," ಅಂದರು ರಂಗಯ್ಯ ಕೊನೆಗೆ. "ನೀನು ಹೇಳಿದ್ದು ನಿಜ ಅಂತ ಅವತ್ತೇ ಗೊತ್ತಾಯ್ತಮ್ಮ. ಬರೆದಿದ್ರೆ ಒಂದು ವರ್ಷದ ಪರೀಕ್ಷೆ ಪೂರಾ ರದ್ದಾಗ್ತಿತ್ತು, ದೊಡ್ಡ ಗಲಾಟೆ ಆಗ್ತಿತ್ತು. ಬೇಡ ಅಂತ ಬಿಟ್ಟೆ."

ಅವರು ಸುಳ್ಳು ಹೇಳಿದ್ದರೆ ಕಾಟಮ್ಮನಿಗೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಅವಳು ಚಂದ್ರಕ್ಕನ ರಟ್ಟೆ ಹಿಡಿದು ಮುಂದಕ್ಕೆಳೆದಳು.

"ಇವ್ಳನ್ನ ನೋಡ್ರಿ. ನಿಮಗೆ ಗಲಾಟೆ ಬೇಡ ಅಂತ ಇವ್ಳು ಒಂದು ವರ್ಷ ಹೊಲ ಪೂರಾ ಬರೀ ಗಿಡ ಕಿತ್ಲು. ಕೂಸು ಸೊಂಟದಾಗಿತ್ತು. ಇಂಥೋರು ಎಷ್ಟು ಹಳ್ಳೀಲಿ ಎಷ್ಟು ಜನ ಕಿತ್ರೋ, ಅದನ್ನ ನಿಮ್ಮ ಪುಸ್ತಕದಾಗೆ ಬರ್ಕಂಡಿದೀರಾ? ಹಾಲಸ್ವಾಮಿ ಕಳ್ಳ, ಅವ್ನಿಗೆ ಆಸೆ ಇತ್ತು. ನಿಮಗೇನಿತ್ತು? ಬೆರಳು ಒರೆಸ್ಕಂಡ್ರಲ್ಲ, ಅದಕ್ಕೆ ಏನು ಹೆಸ್ರು?"

ಹಟ್ಟಿಯ ಮುದುಕನೊಬ್ಬ, "ಸಾಕು ಬಿಡಮ್ಮ, ಮನೆ ಬಾಗ್ಲಿಗೆ ಬಂದವ್ರು," ಅಂದ.

"ಸಾಕಾಗಿಲ್ಲ, ಮಾವ. ಬೀಜ ಕೊಡ್ತೀನಿ. ಫಾರಂಗೆ ಕೊಡಲ್ಲ. ಬಾವಿ ಇರೋ ತಾವ ಈ ಪರೀಕ್ಷೆ ಬೇಡ. ಚಂದ್ರಕ್ಕನ ಹೊಲದಾಗೆ ಹಾಕ್ರಿ. ಒಂದು ಕಡೆ ಇದು, ಇನ್ನೊಂದು ಕಡೆ ನಿಮ್ಮ ಮೂರನೇ ನಂಬರು. ಕೂಲಿ ನಮ್ಮ ಹಟ್ಟಿ ಹೆಂಗಸರಿಗೇ. ಗೂಟದ ಮೇಲೆ ಏನು ಬರೀತೀರೋ, ಅದನ್ನ ನಮ್ಮ ಮುಂದೆ ಓದಿ ಹೇಳಿ ಹೋಗಬೇಕು."

ರಂಗಯ್ಯ ಪುಸ್ತಕ ತೆರೆದು ಅದನ್ನು ಬರೆದುಕೊಂಡರು. "ಆಯ್ತು," ಅಂದರು. ಹಿಂದೆ ನಿಂತಿದ್ದ ಮುದ್ದಣ್ಣನ ಕಣ್ಣಲ್ಲಿ ನೀರಿತ್ತು. ಕಾಟಮ್ಮ ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು.

ಕೊಟ್ಟ ಮಾತಿನಂತೆ ಎಪ್ಪತ್ತೇಳರಲ್ಲಿ ಚಂದ್ರಕ್ಕನ ಹೊಲದಲ್ಲಿ ಗೂಟ ನಿಂತವು. ಆದರೆ ಆ ವರ್ಷ ಮಳೆ ಬಿಡದೆ ಹೊಡೆಯಿತು. ಆಶ್ಲೇಷ, ಮಘಾ, ಹುಬ್ಬೆ ಯಾವುದೂ ತಪ್ಪಲಿಲ್ಲ. ಮೂರನೇ ನಂಬರು ನೀರು ಕುಡಿದು ಕೊಬ್ಬಿ ಗೊಂಚಲು ಗೊಂಚಲು ಕಾಯಿ ಬಿಟ್ಟಿತು. ಬಳ್ಳಿಶೇಂಗಾ ಎಂದಿನಷ್ಟೇ. ತೂಕ ಹಾಕಿದಾಗ ಏಳನೇ ನಂಬರು ಸೋತಿತು. ರಂಗಯ್ಯ ಮಾತಿನಂತೆ ಬದುವಿನ ಮೇಲೆ ನಿಂತು ಎಲ್ಲರೆದುರು ಓದಿ ಹೇಳಿದರು. ಅವರ ದನಿಯಲ್ಲಿ ಸಂಕೋಚವಿತ್ತು.

"ಬರೆದಿದ್ದು ಸುಳ್ಳಲ್ಲ," ಅಂದಳು ಕಾಟಮ್ಮ. "ಈ ಸಲ ಅದೇ ಜಾಸ್ತಿ ಬಂದೈತೆ. ಬರ್ಕಳ್ರಿ. ಆದ್ರೆ ಇದು ಮಳೆ ವರ್ಷದ ಲೆಕ್ಕ. ಬರದ ಬೀಜಾನ ಮಳೆ ವರ್ಷದಾಗೆ ತೂಗಿ, ಸೋತೈತೆ ಅಂತ ಕಾಗದ ಕಳಿಸಿದ್ರೆ ಸುಮ್ಕೆ ಬಿಡಲ್ಲ. ಬಸ್ ಹತ್ತಿ ನಿಮ್ಮ ಕಚೇರಿಗೇ ಬರ್ತೀನಿ. ನಾನೊಬ್ಳೇ ಬರಲ್ಲ."

"ಎಷ್ಟು ವರ್ಷ ಹಾಕಬೇಕಮ್ಮ?"

"ಮಳೆ ತಪ್ಪೋವರೆಗೂ."

ರಂಗಯ್ಯ ಮುಂದಿನ ವರ್ಷ ನಿವೃತ್ತರಾದರು. ಹೋಗುವ ಮುಂಚೆ ಪರೀಕ್ಷೆಯನ್ನು ಇನ್ನೂ ಎರಡು ವರ್ಷ ಅದೇ ಹೊಲದಲ್ಲಿ ಮುಂದುವರಿಸಬೇಕೆಂದೂ, ಎಪ್ಪತ್ತೆರಡರ ಲೆಕ್ಕವನ್ನು ನಂಬಬಾರದೆಂದೂ ಬರೆದು ಸಹಿ ಹಾಕಿದರು. ಆ ಕಾಗದವನ್ನು ಮುದ್ದಣ್ಣ ಹಟ್ಟಿಗೆ ತಂದು ಜೋರಾಗಿ ಓದಿದ. ಹಾಲಸ್ವಾಮಿಗೆ ಅದರಿಂದ ಏನೂ ಆಗಲಿಲ್ಲ. ಅವನ ಕುರ್ಚಿ ಇದ್ದಲ್ಲೇ ಇತ್ತು. ಕಾಟಮ್ಮ ಅದನ್ನು ಮರೆಯಲಿಲ್ಲ, ಯಾರಿಗೂ ಮರೆಯಲು ಬಿಡಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಮಳೆ ತಪ್ಪಿತು. ಮೂವತ್ತೆಂಟು ದಿನ ಒಂದು ಹನಿ ಇಲ್ಲ. ಹೊಸದಾಗಿ ಬಂದ ಸಾಹೇಬರು ಹೊರಕೆರೆದೇವಪುರದಿಂದ, ಹಿರಿಯೂರಿನಿಂದ ರೈತರನ್ನು ಲಾರಿಯಲ್ಲಿ ಕರೆತಂದು ಚಂದ್ರಕ್ಕನ ಹೊಲ ತೋರಿಸಿದರು. ಮೂರನೇ ನಂಬರಿನ ಸಾಲಿನಲ್ಲಿ ಬರೀ ಕಡ್ಡಿ, ಪಕ್ಕದಲ್ಲಿ ಹಸಿರು ಬಳ್ಳಿ. ಹಿರಿಯೂರಿನ ಒಬ್ಬ ರೈತ ಬಳ್ಳಿ ಕಿತ್ತು ನೋಡಲು ಕೈ ಹಾಕಿದ.

"ಕೈ ತಗಿ!" ಅಂತ ಬದುವಿನಿಂದ ಕಾಟಮ್ಮ ಕೂಗಿದಳು. "ಬೇರು ನೋಡಬೇಕಾ? ತಗ ಹಾರೆ. ಸೊಂಟದ ಮಟ ಅಗಿ. ಮೇಲಿಂದ ಕಿತ್ತರೆ ಏನು ಕಾಣ್ತೈತೆ?"

ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಬೇರೆ ಕಡೆ ನೋಡಿದರು. ಕೊನೆಗೆ ಅವನು ಪಂಚೆ ಎತ್ತಿ ಕಟ್ಟಿ ಅಗೆಯತೊಡಗಿದ. ಲಾರಿಯಿಂದ ಇಳಿದ ಉಳಿದವರು ಒಬ್ಬೊಬ್ಬರಾಗಿ ಗುಂಡಿಯ ಸುತ್ತ ಬಂದು ನಿಂತರು.